ಕಡವೆಗೆ ಉಪ್ಪು ಸುರಿಯೋದು ಪುಣ್ಯ ಅಲ್ಲ

ಬೇಸಿಗೇಲಿ ಕಾಡಂಚಿಗೆ ಉಪ್ಪಿನ ಚೀಲ ಸುರಿದು ಫೋಟೋ ಹಾಕೋರಿಗೆ ಒಂದು ಮಾತು. ಅಳಿವಿನ ಅಪಾಯದ ಪಟ್ಟೀಲಿರೋ ಕಡವೆಗೆ ಉಪ್ಪು ಬೇಕು, ನಿಜ. ಹುಲ್ಲು ಸೊಪ್ಪಲ್ಲಿ ಸೋಡಿಯಂ ಕಮ್ಮಿ, ಅದಕ್ಕೇ ಮಣ್ಣು ನೆಕ್ಕುತ್ತೆ. ಆದ್ರೆ ಗಂಡು ಕಡವೆ ಹೊಸ ಕೊಂಬು ಬೆಳೆಸೋಕೆ ತನ್ನ ಪಕ್ಕೆಲುಬಿಂದಲೇ ಕ್ಯಾಲ್ಸಿಯಂ, ರಂಜಕ ಎಳ್ಕೊಳ್ಳುತ್ತೆ. ಆ ನಷ್ಟ ಅಡುಗೆ ಉಪ್ಪಿಂದ ತುಂಬಲ್ಲ. ನೀವು ಸುರಿದ ಜಾಗಕ್ಕೆ ನಮ್ಮ ದನಾನೂ ಬರ್ತವೆ. ಕಾಲುಬಾಯಿ ಜ್ವರ ಹಬ್ಬೋಕೆ ಇನ್ನೇನು ಬೇಕು? ಉರುಳು ಹಾಕೋನಿಗೂ ಹುಡುಕೋ ಕೆಲಸ ತಪ್ಪಿತು.

ಕಾಳಜಿ ಇದ್ರೆ ಕಾಡಲ್ಲಿ ಉದುರಿದ ಕೊಂಬನ್ನ ಮನೆಗೆ ತರಬೇಡಿ. ಜಿಂಕೆ, ಮುಳ್ಳುಹಂದಿ ಅದನ್ನೇ ಕಡಿದು ಸುಣ್ಣದಂಶ ಪಡೀತವೆ. (1972ರ ವನ್ಯಜೀವಿ ಕಾಯ್ದೇಲಿ ಅದು ಅಪರಾಧಾನೂ ಹೌದು.) ಯೂರಿಯಾ ಚೀಲಾನೂ ಬದುವಲ್ಲಿ ಬಿಡಬೇಡಿ, ಜಾಸ್ತಿ ನೆಕ್ಕಿದ್ರೆ ಹೊಟ್ಟೇಲಿ ಅಮೋನಿಯಾ ಆಗಿ ಕಡವೆ, ಹಸು ಎರಡನ್ನೂ ಕೊಲ್ಲುತ್ತೆ.