ಅಲೆಯ ಒಲೆ

ನಮ್ಮ ಹಿರಿಯರು ಒಲೆಯನ್ನು ಬರಿಯ ಅಡುಗೆಯ ಸಾಧನವೆಂದು ಎಣಿಸಿದವರಲ್ಲ. ಬೆಳಗಾಗುತ್ತಲೇ ಅದನ್ನು ಸಾರಿಸಿ, ರಂಗೋಲಿಯ ಎರಡು ಎಳೆಯೆಳೆದು, ಆಮೇಲೆ ಬೆಂಕಿ ಹೊತ್ತಿಸುತ್ತಿದ್ದರು. ಅದರಲ್ಲಿ ಭಕ್ತಿ ಎಷ್ಟಿತ್ತೋ ಎಚ್ಚರವೂ ಅಷ್ಟೇ ಇತ್ತು. ಉರಿ ಕಣ್ಣಿಗೆ ಕಾಣುತ್ತಿತ್ತು, ಹೊಗೆ ಮೂಗಿಗೆ ತಿಳಿಯುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸದೆ ಒಲೆಯ ಮುಂದೆ ಕೂರಬಾರದೆಂಬುದನ್ನು ಯಾರೂ ಪುಸ್ತಕ ತೆರೆದು ಕಲಿಸಬೇಕಾಗಿರಲಿಲ್ಲ. ಸೌದೆಯ ಒಲೆ ಹೋಗಿ ಇದ್ದಿಲಿನ ಒಲೆ ಬಂತು, ಸೀಮೆಎಣ್ಣೆಯ ಸ್ಟೌ ಬಂತು, ಗ್ಯಾಸ್ ಬಂತು. ಒಂದೊಂದಕ್ಕೂ ಅದರದರ ಅಪಾಯವಿತ್ತು. ಅದಕ್ಕೆ ತಕ್ಕ ಎಚ್ಚರವೂ ಮನೆಮನೆಯಲ್ಲಿ ಬೆಳೆದುಬಂತು. ಈಗ ಅಡುಗೆಮನೆಯ ಕಟ್ಟೆಯೇರಿ ಕುಳಿತಿರುವ ಮೈಕ್ರೋವೇವ್ ಒಲೆಯಲ್ಲಿ ಮಾತ್ರ ಉರಿಯಿಲ್ಲ, ಹೊಗೆಯಿಲ್ಲ, ಕೆಂಡವಿಲ್ಲ. ಕಾಣದ ಬೆಂಕಿಗೆ ಎಚ್ಚರ ಬೆಳೆಯುವುದು ನಿಧಾನ. ಅದರ ಬದಲಿಗೆ ಕೆಲವರಲ್ಲಿ ಭಯ ಬೆಳೆಯುತ್ತದೆ, ಕೆಲವರಲ್ಲಿ ಉಡಾಫೆ ಬೆಳೆಯುತ್ತದೆ. ಎರಡೂ ಒಳ್ಳೆಯವಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮಧ್ಯಾಹ್ನದ ಹೊತ್ತು ಈ ಒಲೆಯನ್ನು ಬಳಸುವವರು ಯಾರು? ಕೈ ನಡುಗುವ ಅಜ್ಜಿ; ಇಲ್ಲವೆ ಶಾಲೆಯಿಂದ ಹಸಿದು ಬಂದ ಹತ್ತು ವರ್ಷದ ಹುಡುಗ. “ಅಮ್ಮ, ಗ್ಯಾಸ್ ಹಚ್ಚಬೇಡಿ. ಸಾರು ಅದರೊಳಗಿಟ್ಟು ಗುಂಡಿ ಒತ್ತಿದರೆ ಸಾಕು” ಎಂದು ಸೊಸೆ ಅಕ್ಕರೆಯಿಂದಲೇ ಹೇಳಿಹೋಗುತ್ತಾಳೆ. ಬೆಂಕಿಯಿಲ್ಲವೆಂಬ ಧೈರ್ಯದಲ್ಲಿ ನಾವು ಈ ಯಂತ್ರವನ್ನು ಮನೆಯಲ್ಲಿ ಬಲ ಕಡಿಮೆಯಿರುವವರ ಕೈಗೇ ಒಪ್ಪಿಸಿದ್ದೇವೆ. ಒಪ್ಪಿಸುವ ಮೊದಲು ಅದರ ಗುಣದೋಷಗಳನ್ನು ನಾವಾದರೂ ಅರಿತಿರಬೇಡವೆ?

ಮೊದಲು ಹೆಸರಿನ ವಿಚಾರ. ಮೈಕ್ರೋವೇವ್ ಎಂಬುದನ್ನು ಸೂಕ್ಷ್ಮತರಂಗವೆಂದು ಕನ್ನಡಿಸಿದ್ದೇವೆ. ಹೆಸರು ಕೇಳಿ ಇದೇನೋ ಕಣ್ಣಿಗೆ ಕಾಣದಷ್ಟು ಕಿರಿದಾದ ಅಲೆಯೆಂದು ಭಾವಿಸಬಾರದು. ಈ ಒಲೆಯಲ್ಲಿ ಹುಟ್ಟುವ ಅಲೆ ಸೆಕೆಂಡಿಗೆ 245 ಕೋಟಿ ಬಾರಿ ಕಂಪಿಸುತ್ತದೆ, ನಿಜ. ಆದರೆ ಅದರ ಉದ್ದ ಸುಮಾರು 12 ಸೆಂಟಿಮೀಟರು, ಎಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು. ನೂರಾರು ಮೀಟರು ಉದ್ದದ ರೇಡಿಯೋ ಅಲೆಗಳ ಎದುರಿಗೆ ಇದು ಸೂಕ್ಷ್ಮ, ಅಷ್ಟೆ. ಈ ಬಗೆಯ ಅಲೆಗಳು ನಮ್ಮ ದೇಶಕ್ಕೆ ಹೊಸವೂ ಅಲ್ಲ. 1895ರಲ್ಲಿಯೇ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇವುಗಳಿಂದ ದೂರದ ಗಂಟೆಯನ್ನು ಬಾರಿಸಿ, ಮದ್ದಿನಪುಡಿಗೆ ಕಿಡಿ ತಾಗಿಸಿ ತೋರಿಸಿದ್ದರು. ಅಡುಗೆಗೆ ಇವು ಒದಗಿದ್ದು ಅದಾದ ಅರ್ಧ ಶತಮಾನದ ಮೇಲೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನಗಳನ್ನು ಪತ್ತೆಹಚ್ಚುವ ರೇಡಾರಿಗಾಗಿ ಮ್ಯಾಗ್ನೆಟ್ರಾನ್ ಎಂಬ ಕೊಳವೆ ಬಳಕೆಗೆ ಬಂದಿತ್ತು. ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಎಂಬಾತ, ಶಾಲೆಯ ಓದನ್ನೂ ಪೂರೈಸದಿದ್ದ ಇಂಜಿನಿಯರು, ಅದರ ಬಳಿ ನಿಂತಿದ್ದಾಗ ಜೇಬಿನೊಳಗಿನ ಸಿಹಿಯ ತುಂಡು ಕರಗಿದ್ದನ್ನು ಕಂಡನಂತೆ. ಕೂಡಲೆ ಜೋಳದ ಕಾಳು ತರಿಸಿ ಅರಳು ಹುರಿದು ನೋಡಿದನಂತೆ. 1945ರಲ್ಲಿ ಈ ವಿಧಾನದ ಹಕ್ಕಿಗೆ ಅರ್ಜಿ ಹೋಯಿತು. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಒಲೆ ಆಳೆತ್ತರವಿತ್ತು. ತೂಕ ಸುಮಾರು 340 ಕಿಲೋ. ಕಟ್ಟೆಯ ಮೇಲೆ ಕೂರುವಂಥದು ಮನೆಬಳಕೆಗೆ ಅಲ್ಲಿ ಬಂದದ್ದು 1967ರಲ್ಲಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಇದರಲ್ಲಿ ಬಿಸಿಮಾಡಿದ ಅನ್ನ ವಿಷವಾಗುವುದಿಲ್ಲವೆ? ಇಲ್ಲ. ಈ ಅಲೆಗಳು ಆಹಾರದೊಳಗಿನ ನೀರಿನ ಅಣುಗಳನ್ನು ಅತ್ತಿತ್ತ ತಿರುಗಿಸಿ ಕಾವು ಹುಟ್ಟಿಸುತ್ತವೆ. ಎಕ್ಸ್‌ರೇಯಂತೆ ಅಣುವನ್ನು ಒಡೆಯುವ ಶಕ್ತಿ ಇವಕ್ಕಿಲ್ಲ. ಗುಂಡಿ ಆರಿಸಿದೊಡನೆ, ದೀಪವಾರಿಸಿದಾಗ ಬೆಳಕು ಹೋಗುವಂತೆ, ಅಲೆಗಳೂ ಹೋಗುತ್ತವೆ; ಪಾತ್ರೆಯಲ್ಲಿ ಉಳಿಯುವುದು ಕಾವು ಮಾತ್ರ. ತರಕಾರಿಯನ್ನು ತುಂಬ ನೀರಿಟ್ಟು ಕುದಿಸಿ ಆ ನೀರನ್ನು ಚೆಲ್ಲುವುದಕ್ಕಿಂತ ಇದರಲ್ಲಿ ಸ್ವಲ್ಪವೇ ನೀರು ಚಿಮುಕಿಸಿ ಬೇಯಿಸಿದರೆ ಸಿ ಜೀವಸತ್ವ ಹೆಚ್ಚು ಉಳಿಯುತ್ತದೆ. ಬಾಗಿಲಿನ ಗಾಜಿನ ಹಿಂದೆ ಸಣ್ಣ ತೂತುಗಳ ಲೋಹದ ಜಾಲರಿಯಿದೆಯಲ್ಲ, ಅದೇ ನಮಗೂ ಅಲೆಗೂ ನಡುವಿನ ಗೋಡೆ. ಆ ತೂತುಗಳಲ್ಲಿ ಬೆಳಕು ನುಸುಳಬಲ್ಲುದು, 12 ಸೆಂಟಿಮೀಟರಿನ ಅಲೆ ನುಸುಳಲಾರದು. ಬಾಗಿಲು ತೆರೆದರೆ ಒಳಗಿನ ಸ್ವಿಚ್ಚುಗಳು ಅಲೆಯನ್ನು ತಾವೇ ನಿಲ್ಲಿಸುತ್ತವೆ. ಆದ್ದರಿಂದ ಅಂಜಬೇಕಾದದ್ದು ಸರಿಯಾದ ಬಾಗಿಲಿಗಲ್ಲ, ಕೆಟ್ಟ ಬಾಗಿಲಿಗೆ. ಕೀಲು ಸಡಿಲಾಗಿದ್ದರೆ, ಜಾಲರಿ ತುಕ್ಕು ಹಿಡಿದಿದ್ದರೆ, ಬಾಗಿಲು ಬಿಗಿಯಾಗಿ ಕೂರದಿದ್ದರೆ ಅಂದೇ ಬಳಕೆ ನಿಲ್ಲಿಸತಕ್ಕದ್ದು. ಬಾಗಿಲ ಹಿಡಿಗೆ ಕೈವಸ್ತ್ರ ತೂಗುಹಾಕುವುದು, ತೆರೆದ ಬಾಗಿಲಿನ ಮೇಲೆ ಪಾತ್ರೆಯ ಭಾರ ಹೇರುವುದು, ಇವನ್ನು ಇಂದೇ ಬಿಡುವುದು ಲೇಸು.

ಹೀಗೆ ಅಂಜಬೇಕಾಗಿಲ್ಲದ ಕಡೆ ಅಂಜುವ ನಾವು, ಅಂಜಬೇಕಾದ ಕಡೆ ಅಂಜುವುದಿಲ್ಲ. ನಿಜವಾದ ಅಪಾಯ ಯಾವುದೆಂದರೆ ನಂಬುವುದು ಕಷ್ಟ: ಒಂದು ಲೋಟ ನೀರು! ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ತಳದಿಂದ ಗುಳ್ಳೆಯೆದ್ದು ಕುದಿಯುವುದನ್ನು ನಾವು ಬಲ್ಲೆವು. ನುಣುಪಾದ ಶುಭ್ರ ಲೋಟದಲ್ಲಿ, ಅಲೆಯ ಕಾವಿನಲ್ಲಿ, ಗುಳ್ಳೆಯೇಳಲು ನೆಲೆ ಸಿಕ್ಕದೆ ನೀರು 100 ಡಿಗ್ರಿಯನ್ನು ದಾಟಿಯೂ ಕುದಿಯದೆ ನಿಂತಿರಬಹುದು. ನೋಡಿದರೆ ಕೊಳದಷ್ಟು ಶಾಂತ. ಅದಕ್ಕೆ ಒಂದು ಚಮಚ ಕಾಫಿಪುಡಿಯನ್ನೋ ಸಕ್ಕರೆಯನ್ನೋ ಹಾಕಿದ ಕ್ಷಣ, ಅಥವಾ ಲೋಟವನ್ನು ತುಸು ಅಲುಗಿಸಿದ ಕ್ಷಣ, ನೀರೆಲ್ಲ ಒಮ್ಮೆಲೆ ಉಕ್ಕಿ ಕೈಗೆ ಮುಖಕ್ಕೆ ಎರಚುತ್ತದೆ. ಇದಕ್ಕೆ ಪರಿಹಾರ ಸುಲಭ. ಸಕ್ಕರೆ, ಪುಡಿಗಳನ್ನು ಮೊದಲೇ ಬೆರೆಸಿಡಿ; ಇಲ್ಲವೆ ಮರದ ಚಮಚವೊಂದನ್ನು ಲೋಟದಲ್ಲಿ ನಿಲ್ಲಿಸಿ. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕಾಯಿಸಬೇಡಿ. ಗಂಟೆ ಬಾರಿಸಿದ ಮೇಲೆ ಒಂದು ನಿಮಿಷ ಹಾಗೆಯೇ ಬಿಟ್ಟು ಬಳಿಕ ತೆಗೆಯಿರಿ.

ಎರಡನೆಯದು ಎಳೆಮಗುವಿನ ಹಾಲಿನ ಸೀಸೆ. ಇದನ್ನು ಈ ಒಲೆಯಲ್ಲಿ ಬಿಸಿಮಾಡಲೇಬಾರದು. ಸೀಸೆ ಮುಟ್ಟಿದರೆ ಬೆಚ್ಚಗಿರುತ್ತದೆ. ಒಳಗೆ ಒಂದೆಡೆ ಹಾಲು ತಣ್ಣಗಿದ್ದು ಇನ್ನೊಂದೆಡೆ ನಾಲಗೆ ಸುಡುವಷ್ಟು ಕಾದಿರುತ್ತದೆ. ದೊಡ್ಡವರಾದರೆ ಉಗುಳಿಯಾರು, ಕೂಸು ಏನು ಮಾಡೀತು? ಬಿಸಿನೀರಿನ ಪಾತ್ರೆಯಲ್ಲಿ ಸೀಸೆಯನ್ನು ಐದು ನಿಮಿಷ ಇಟ್ಟು, ಮುಂಗೈ ಮೇಲೆ ಎರಡು ತೊಟ್ಟು ಬಿಟ್ಟು ನೋಡುವ ಅಜ್ಜಿಯ ಕ್ರಮಕ್ಕಿಂತ ಉತ್ತಮವಾದುದು ಇನ್ನೂ ಹುಟ್ಟಿಲ್ಲ.

ಹಾಲಿಗಿರುವ ದೋಷವೇ ಅನ್ನಕ್ಕೂ ಹುಳಿಗೂ ಉಂಟು. ಅಲೆಗಳು ಆಹಾರದೊಳಕ್ಕೆ ಎರಡು ಮೂರು ಸೆಂಟಿಮೀಟರು ಇಳಿಯುವಷ್ಟರಲ್ಲಿ ಬಲಗುಂದುತ್ತವೆ. ಜೊತೆಗೆ ಪೆಟ್ಟಿಗೆಯ ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಒಂದು ಕಡೆ ಕೂಡಿಕೊಂಡು, ಇನ್ನೊಂದು ಕಡೆ ಒಂದನ್ನೊಂದು ಅಳಿಸಿಕೊಂಡು, ಕಾದ ಜಾಗ ತಣ್ಣನೆಯ ಜಾಗಗಳನ್ನು ಮಾಡುತ್ತವೆ. ತಟ್ಟೆ ತಿರುಗುವುದು ಇದಕ್ಕಾಗಿಯೇ. ಆದ್ದರಿಂದ ಅನ್ನವನ್ನು ಗುಡ್ಡೆ ಹಾಕದೆ, ನಡುವೆ ಗುಳಿ ಬಿಟ್ಟು ಬಳೆಯಂತೆ ಹರಡಬೇಕು. ಮೇಲೆ ನೀರು ಚಿಮುಕಿಸಿ ಸಡಿಲವಾಗಿ ಮುಚ್ಚಬೇಕು. ಅರ್ಧದಲ್ಲಿ ನಿಲ್ಲಿಸಿ ಕಲಸಬೇಕು. ಮುಗಿದ ಮೇಲೂ ಎರಡು ನಿಮಿಷ ಬಿಡಬೇಕು. ಉಗುರುಬೆಚ್ಚಗಾದರೆ ಸಾಲದು, ನಡುವಿನ ತುತ್ತೂ 74 ಡಿಗ್ರಿ ಮುಟ್ಟುವಂತೆ, ಹಬೆಯಾಡುವಂತೆ ಕಾಯಬೇಕು. ಇನ್ನೊಂದು ಮಾತು: ರಾತ್ರಿಯೆಲ್ಲ ಹೊರಗೆ ಉಳಿದ ಅನ್ನದಲ್ಲಿ ಕೆಲವು ಸೂಕ್ಷ್ಮಜೀವಿಗಳು ಬಿಡುವ ವಿಷ ಮತ್ತೆ ಕಾಯಿಸಿದರೂ ಅಳಿಯುವುದಿಲ್ಲ. ತಂಗಳನ್ನು ಹೊಸದಾಗಿಸುವ ಮಂತ್ರ ಈ ಪೆಟ್ಟಿಗೆಯಲ್ಲಿಲ್ಲ. ಉಳಿದದ್ದನ್ನು ಬೇಗನೆ ಫ್ರಿಜ್ಜಿನಲ್ಲಿಡುವುದೊಂದೇ ದಾರಿ.

ಮೂರನೆಯದು, ಮುಚ್ಚಿದ ಹಬೆ. ಚಿಪ್ಪಿನ ಮೊಟ್ಟೆಯನ್ನು ಇಟ್ಟರೆ ಒಳಗಿನ ಹಬೆ ಹೊರಬರಲಾರದೆ ಅದು ಸಿಡಿಯುತ್ತದೆ. ಬೆಂದ ಮೊಟ್ಟೆಯನ್ನು ಮತ್ತೆ ಬಿಸಿಮಾಡಿದರೂ ಇದೇ ಗತಿ. ಎಷ್ಟೋ ವೇಳೆ ಹೊರಗೆ ತೆಗೆದು ಮುಟ್ಟಿದಾಗಲೇ ಸಿಡಿಯುವುದುಂಟು. ಗೊಜ್ಜಿಗೆಂದು ಬದನೆಕಾಯಿಯನ್ನೋ ಪಲ್ಯಕ್ಕೆಂದು ಇಡಿಯ ಆಲೂಗೆಡ್ಡೆಯನ್ನೋ ಬೇಯಿಸುವಾಗ ಸಿಪ್ಪೆಗೆ ನಾಲ್ಕಾರು ಕಡೆ ಚುಚ್ಚಿರಬೇಕು. ಡಬ್ಬಿಯ ಮುಚ್ಚಳ ಬಿಗಿಯಿರಬಾರದು. ತೆಗೆಯುವಾಗ ಹಬೆ ಮುಖಕ್ಕೆ ಬಡಿಯದಂತೆ ಆಚೆಯ ಅಂಚನ್ನು ಮೊದಲು ಎತ್ತಬೇಕು.

ಪಾತ್ರೆಯ ವಿಷಯ ಗೃಹಿಣಿಯರಿಗೆ ಗೊತ್ತಿರುವುದೇ. ಸ್ಟೀಲಿನ ಡಬ್ಬಿಯೊಳಕ್ಕೆ ಅಲೆ ಹೋಗುವುದಿಲ್ಲ, ಆಹಾರ ಬಿಸಿಯಾಗುವುದಿಲ್ಲ. ತೆಳುವಾದ, ಮೊನೆಯುಳ್ಳ ಲೋಹವಾದರೆ ಕಿಡಿ ಹಾರುತ್ತದೆ. ಆದರೆ ಲೋಹ ನಾನಾ ವೇಷದಲ್ಲಿ ಬರುತ್ತದೆ ಎಂಬುದನ್ನು ಮರೆಯುತ್ತೇವೆ: ಪಿಂಗಾಣಿ ತಟ್ಟೆಯ ಚಿನ್ನದಂಚು, ಹೋಟೆಲಿನ ಪಾರ್ಸಲಿನ ಸ್ಟೇಪಲ್ ಪಿನ್ನು, ಒಳಗೆ ಬೆಳ್ಳಿಬಣ್ಣದ ಹಾಳೆಯಿರುವ ಚೀಲ, ಬರ್ಫಿಯ ಮೇಲಿನ ಬೆಳ್ಳಿ ಹಾಳೆ. ಮೆಲಮೈನ್ ತಟ್ಟೆ, ಮೊಸರು ಬಂದ ತೆಳು ಪ್ಲಾಸ್ಟಿಕ್ ಡಬ್ಬಿ ಇವೂ ಬೇಡ. ಒಲೆಗೆಂದೇ ಮಾಡಿದ ಗಾಜು, ಪಿಂಗಾಣಿ ಮೇಲು. ಸಂದೇಹವಿದ್ದರೆ, ಲೋಹವಿಲ್ಲದ ಖಾಲಿ ಪಾತ್ರೆಯನ್ನು ಒಂದು ಲೋಟ ನೀರಿನ ಜೊತೆಗಿಟ್ಟು ಒಂದು ನಿಮಿಷ ನಡೆಸಿ. ನೀರು ಬೆಚ್ಚಗಾಗಿ ಪಾತ್ರೆ ತಣ್ಣಗಿದ್ದರೆ ಅದು ಯೋಗ್ಯ. ಪಾತ್ರೆಯೇ ಕಾದರೆ ಅಯೋಗ್ಯ. ಕಾದ ಗಾಜನ್ನು ಒದ್ದೆಯಾದ ಕಡಪಕಲ್ಲಿನ ಮೇಲೆ ಇಳಿಸಬೇಡಿ; ಸೀಳೀತು. ಒಳಗೆ ಏನೂ ಇಲ್ಲದೆ ಒಲೆಯನ್ನು ನಡೆಸಲೂ ಬೇಡಿ. ಹೀರುವವರಿಲ್ಲದ ಅಲೆ ಹುಟ್ಟಿದ ಕೊಳವೆಗೇ ಮರಳಿ ಅದನ್ನು ಕೆಡಿಸುತ್ತದೆ.

ಹಪ್ಪಳ ಸುಡುವುದಕ್ಕೆ, ಕರಿಬೇವು ಒಣಗಿಸುವುದಕ್ಕೆ ಇದು ಬಹು ಚೆನ್ನ. ಆದರೆ ನೀರಿನಂಶವಿಲ್ಲದ ವಸ್ತು ಬೇಗನೆ ಹೊತ್ತಿಕೊಳ್ಳಬಲ್ಲುದು. ಅಂಥ ಹೊತ್ತಿನಲ್ಲಿ ಒಲೆಯ ಮುಂದಿನಿಂದ ಕದಲಬಾರದು. ಎಣ್ಣೆಯ ಕಾವಿಗೆ ಮಿತಿಯಿಲ್ಲವಾದ್ದರಿಂದ ಕರಿಯುವ ಸಾಹಸ ಇದರಲ್ಲಿ ಸಲ್ಲದು. ಒಳಗೆ ಬೆಂಕಿ ಕಂಡರೆ ಗಾಬರಿಯಿಂದ ಬಾಗಿಲು ತೆರೆಯುವುದೇ ದೊಡ್ಡ ತಪ್ಪು; ಗಾಳಿ ಸಿಕ್ಕಿ ಉರಿ ಹೆಚ್ಚುತ್ತದೆ. ಬಾಗಿಲು ಮುಚ್ಚಿರಲಿ, ಗೋಡೆಯ ಸ್ವಿಚ್ಚನ್ನು ಆರಿಸಿ. ಗಾಳಿಯಿಲ್ಲದೆ ಅದು ತಾನೇ ನಂದುತ್ತದೆ. ಈ ಒಂದು ಮಾತನ್ನು ಮನೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಿದರೂ ಒಳ್ಳೆಯದೇ.

ಆರೈಕೆಯೇನೂ ಕಷ್ಟದ್ದಲ್ಲ. ಗೃಹಪ್ರವೇಶದ ದಿನ ಒಲೆಯ ಮೇಲೆ ಹಾಲುಕ್ಕಿದರೆ ಮಂಗಳ. ಈ ಒಲೆಯೊಳಗೆ ಉಕ್ಕಿದರೆ ಒರೆಸುವ ಕೆಲಸ! ಅದನ್ನು ಅಂದೇ ಒರೆಸಬೇಕು. ಅಂಟಿದ ಜಿಡ್ಡು ಅಲೆಯನ್ನು ಹೀರಿ ಕರಿಕಾಗಿ ಕೊನೆಗೆ ಕಿಡಿಗೂ ಕಾರಣವಾಗುತ್ತದೆ. ಬಟ್ಟಲು ನೀರಿಗೆ ನಿಂಬೆಯ ಹೋಳು ಹಾಕಿ, ಮರದ ಚಮಚ ನಿಲ್ಲಿಸಿ ಮೂರು ನಿಮಿಷ ಕಾಯಿಸಿ, ಐದು ನಿಮಿಷ ಬಾಗಿಲು ತೆರೆಯದೆ ಬಿಟ್ಟರೆ ಹಬೆಗೆ ಕೊಳೆಯೆಲ್ಲ ನೆನೆಯುತ್ತದೆ. ಆಮೇಲೆ ಪ್ಲಗ್ ತೆಗೆದು ಮೆತ್ತನೆಯ ಬಟ್ಟೆಯಿಂದ ಒರೆಸಿ. ತಂತಿಯ ಉಜ್ಜುಗ ಬೇಡ. ಒಳಗೋಡೆಯಲ್ಲಿ ರಟ್ಟಿನಂತೆ ಕಾಣುವ ಅಭ್ರಕದ ಹಲಗೆಯನ್ನು ಕಸವೆಂದು ಕಿತ್ತೆಸೆಯಬಾರದು; ಅದು ಅಲೆ ಬರುವ ಬಾಯಿಗೆ ಹಾಕಿದ ತೆರೆ. ಸುಟ್ಟು ತೂತಾಗಿದ್ದರೆ ಬದಲಾಯಿಸಬೇಕು.

ಕಸೂತಿಯ ಹೊದಿಕೆ ಹೊದಿಸುವುದು ನಮ್ಮ ಮನೆಗಳ ಚೆಂದದ ಅಭ್ಯಾಸ. ಆದರೆ ಒಲೆ ನಡೆಯುವಾಗ ಅದು ಉಸಿರು ಕಟ್ಟಿಸುತ್ತದೆ. ಹಿಂದೆ, ಮೇಲೆ, ಬದಿಗೆ ಗಾಳಿಯಾಡಲು ಎಡೆಯಿರಲಿ. ಒಲೆಯ ಮೇಲೆ 800 ವಾಟ್ ಎಂದು ಬರೆದಿದ್ದರೆ ಅದು ಆಹಾರಕ್ಕೆ ಸಲ್ಲುವ ಶಕ್ತಿ. ಗೋಡೆಯಿಂದ ಎಳೆಯುವುದು 1200 ವಾಟಿಗೂ ಮೇಲಾಗಬಹುದು. ಆದ್ದರಿಂದ ಭೂಸಂಪರ್ಕವುಳ್ಳ 16 ಆಂಪಿಯರಿನ ದಪ್ಪ ಮೂರು ಪಿನ್ನಿನ ಜಾಗವೇ ಬೇಕು. ಮಿಕ್ಸಿ ಫ್ರಿಜ್ಜುಗಳ ಜೊತೆ ಒಂದೇ ಪಟ್ಟಿಗೆ ಸಿಕ್ಕಿಸುವುದು ಬೇಡ. ಇನ್ನು, ಕೆಟ್ಟಾಗ “ಒಂದು ಸ್ಕ್ರೂ ಬಿಚ್ಚಿ ನೋಡೋಣ” ಎನ್ನುವ ಮನೆಯ ಪಂಡಿತರಿಗೆ ಕಡ್ಡಾಯವಾದ ಎಚ್ಚರಿಕೆ: ಒಳಗಿನ ವಿದ್ಯುತ್ತು ಸಾವಿರಾರು ವೋಲ್ಟು. ಪ್ಲಗ್ ಕಿತ್ತ ಮೇಲೂ ಅಲ್ಲಿನ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ಉಳಿದಿರಬಹುದು. ಹೊದಿಕೆ ಬಿಚ್ಚುವುದು ಬಲ್ಲವರಿಗೇ ಸೇರಿದ್ದು.

ಕೊನೆಗೆ, ಒಲೆಯನ್ನು ಎಲ್ಲಿ ಇಡುತ್ತೀರೆಂಬುದು. ಜಾಗ ಉಳಿಯಲೆಂದು ಗೋಡೆಯ ಎತ್ತರದ ಹಲಗೆಯ ಮೇಲೆ ಏರಿಸುವವರಿದ್ದಾರೆ. ಕುದಿಯುವ ಹುಳಿಯ ಬಟ್ಟಲನ್ನು ತಲೆಯ ಮಟ್ಟದಿಂದ ಇಳಿಸುವ ಅಜ್ಜಿಯನ್ನು ಒಮ್ಮೆ ನೆನೆದುಕೊಳ್ಳಿ. ಮನೆಯಲ್ಲಿ ಅದನ್ನು ಬಳಸುವವರಲ್ಲಿ ಅತ್ಯಂತ ಕುಳ್ಳರ ಎದೆಯ ಮಟ್ಟಕ್ಕಿಂತ ಅದು ಮೇಲಿರಬಾರದು. ಪಕ್ಕದಲ್ಲಿ ದಪ್ಪ ಬಟ್ಟೆಯೊಂದು, ಇಳಿಸಲು ಎರಡು ಗೇಣು ಬರಿದಾದ ಜಾಗ ಸದಾ ಇರಲಿ. ಯಾವ ಪಾತ್ರೆ, ಎಷ್ಟು ನಿಮಿಷ ಎಂಬುದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ. ಯಂತ್ರದ ಜೊತೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿ ಮೇಜಿನ ಖಾನೆ ಸೇರಿರುತ್ತದೆ. ಒಲೆಯ ಮುಂದೆ ನಿಲ್ಲುವ ಹಿರಿಯರಿಗೆ ಬೇಕಾದದ್ದು ಕಣ್ಣೆದುರಿನ ನಾಲ್ಕು ಸಾಲು. ಅಷ್ಟನ್ನು ಬರೆದುಕೊಡುವುದಕ್ಕೆ ಹತ್ತು ನಿಮಿಷ ಸಾಕು. ಈ ಭಾನುವಾರವೇ ಅದಾಗಲಿ.