ಎದೆನೋವಿಗೆ ಹೈದರಾಬಾದೇ ಗತಿಯೇ?

ಬೆಂಗಳೂರಿನ ಗೆಳೆಯರೇ, ನಿಮ್ಮ ಅಪ್ಪನಿಗೆ ಎದೆನೋವು ಬಂದರೆ ಆಟೋ ಹತ್ತಿಸಿ ಜಯದೇವಕ್ಕೆ ಒಯ್ಯುತ್ತೀರಿ. ಔರಾದಿನ ಹುಡುಗ ಎಲ್ಲಿಗೆ ಒಯ್ಯಬೇಕು? ಬೀದರಿಗೇ ಸುಮಾರು 40 ಕಿಲೋಮೀಟರ್. ಅಲ್ಲಿ ಆಗದಿದ್ದರೆ ಕಲಬುರಗಿಯ ಜಯದೇವಕ್ಕೆ ಮತ್ತೆ ನೂರಕ್ಕೂ ಹೆಚ್ಚು. ಇಲ್ಲವೇ ಹೈದರಾಬಾದ್! 1956ರಲ್ಲಿ ಹೈದರಾಬಾದ್ ರಾಜ್ಯ ಬಿಟ್ಟು ಕನ್ನಡನಾಡು ಸೇರಿದ ಜಿಲ್ಲೆ ಇದು. ಎದೆ ಹಿಡಿದುಕೊಂಡಾಗ ಎಷ್ಟೋ ಮನೆಯವರಿಗೆ ಇವತ್ತಿಗೂ ಅದೇ ಗತಿ.

ಐಸಿಯು ಬಾಗಿಲು ಮುಚ್ಚುತ್ತದೆ. ಒಳಗೆ ಎದೆಗೆ ವೈರು, ಮೂಗಿಗೆ ಆಕ್ಸಿಜನ್, ಮಾನಿಟರಿನ ಬೀಪ್. ಹೊರಗೆ ಭಾಲ್ಕಿಯ ತಾಯಿಯ ಕೈಗೆ ಇಂಗ್ಲಿಷ್ ಕಾಗದ. ಅದು ಸ್ಟೆಂಟಿಗೋ, ವೆಂಟಿಲೇಟರಿಗೋ? ಅಪಾಯವೇನು, ಖರ್ಚೆಷ್ಟು? ತಿಳಿಯದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ, ಶರಣಾಗತಿ!

ಹೈದರಾಬಾದನ್ನು ಬೈದು ಫಲವಿಲ್ಲ. ಬೀದರಿನ ಆಸ್ಪತ್ರೆಗಳಲ್ಲಾದರೂ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ದಿನಕ್ಕೊಮ್ಮೆ ವೈದ್ಯರು ಮನೆಯವರನ್ನು ಕೂರಿಸಿ, ರೋಗಿ ಹೇಗಿದ್ದಾನೆಂದು ಕನ್ನಡದಲ್ಲಿ ಹೇಳಲಿ.

ಇನ್ನೊಂದು ಮಾತು. ರಕ್ತನಾಳ ಕಟ್ಟಿದರೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತದೆ. ಅದಕ್ಕೇ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ: ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ. ಅಪ್ಪು ಫೋಟೋಗೆ ಹಾರ ಹಾಕಿದ್ದು ಸಾಕು. ಊರಿಗೆ ಹೋದಾಗ ತಾಲೂಕು ಆಸ್ಪತ್ರೆಗೆ ನುಗ್ಗಿ ಕೇಳಿ: ಇಂಜೆಕ್ಷನ್ ದಾಸ್ತಾನಿದೆಯೇ? ರಾತ್ರಿ ಎರಡಕ್ಕೆ ಇಸಿಜಿ ತೆಗೆಯುವವರಿದ್ದಾರೆಯೇ?

ಬೋರ್ಡಿಗೆ ಮಸಿ ಬಳಿಯುವುದು ಸುಲಭ. ಈ ಎರಡು ಪ್ರಶ್ನೆ ಕೇಳುವುದೂ ಕನ್ನಡದ ಕೆಲಸವೇ!