ಮೂರು ಬಾಗಿಲ ಬೀದಿಯಲ್ಲಿ ಪಾಲು ಯಾರದು?

ಅಹಮದಾಬಾದಿನ ಭದ್ರ ಕೋಟೆಯಿಂದ ತೀನ್ ದರ್ವಾಜಾಕ್ಕೆ ಐದು ನಿಮಿಷದ ನಡಿಗೆ. ಊರು ಹುಟ್ಟಿದ್ದು 1411ರಲ್ಲಿ. ಕೋಟೆಗೂ ಬಾಗಿಲಿಗೂ ನಡುವಿನ ಈ ಬೀದಿಗೂ ಹೆಚ್ಚೂಕಡಿಮೆ ಅಷ್ಟೇ ವಯಸ್ಸು. ಊರು ಕಟ್ಟಿದ ಸುಲ್ತಾನ ಅಹಮದ್ ಷಾನ ಕಾಲದಲ್ಲಿ ಇದು ಮೈದಾನ್-ಎ-ಷಾಹಿ, ಅಂದರೆ ಅರಮನೆಯೆದುರಿನ ಬಯಲು. ಮೂರು ಕಮಾನುಗಳ ತೀನ್ ದರ್ವಾಜಾದ ಮೇಲೆ 1812ರ ಒಂದು ಶಾಸನವಿದೆ. ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ತಕರಾರಿಲ್ಲದೆ ಪಾಲು ಸಲ್ಲಬೇಕೆಂದು ಮರಾಠಾ ಅಧಿಕಾರಿ ಚಿಮ್ನಾಜಿ ರಘುನಾಥ ಹೊರಡಿಸಿದ ಆಜ್ಞೆ ಅದು. ಪಾಲಿನ ತಗಾದೆ ಈ ಬೀದಿಗೆ ಹೊಸದಲ್ಲ ನೋಡಿ.

ಕಮಾನು ದಾಟಿದರೆ ಗಾಂಧಿ ರೋಡ್, ಬ್ರಿಟಿಷರ ಕಾಲದ ರಿಚಿ ರೋಡ್. ಅದರ ದಟ್ಟಣೆ ಇಳಿಸಲು ಮುಂದೆ ಪೋಳುಗಳೆಂಬ ಹಳೆಯ ಓಣಿಕೇರಿಗಳ ನಡುವೆಯೇ ಸೀಳಿಕೊಂಡು ರಿಲೀಫ್ ರೋಡ್ ಬಂತು. ಅಷ್ಟರಲ್ಲಿ 1892ರ ಎಲ್ಲಿಸ್ ಸೇತುವೆ ಸಾಬರಮತಿಯ ಆಚೆ ದಡಕ್ಕೆ ದಾರಿ ತೆರೆದಿತ್ತು. ದೊಡ್ಡ ಅಂಗಡಿಗಳೂ ಉಳ್ಳವರೂ ನಿಧಾನವಾಗಿ ಪಶ್ಚಿಮಕ್ಕೆ ಹೋದರು. ಅಗ್ಗದ ಬಟ್ಟೆ, ಚಪ್ಪಲಿ, ಪಾತ್ರೆ ಕೊಳ್ಳುವವರು ಮಾತ್ರ ಇಂದಿಗೂ ಇಲ್ಲಿಗೇ ಬರುತ್ತಾರೆ.

2014ರಲ್ಲಿ ನಗರಪಾಲಿಕೆ ಇಲ್ಲಿ ವಾಹನ ಸಂಚಾರ ನಿಲ್ಲಿಸಿ, ಕಲ್ಲುಹಾಸು ಹಾಕಿಸಿ ಭದ್ರ ಪ್ಲಾಜಾ ಮಾಡಿತು. ಅದನ್ನು ಮೆಚ್ಚುವವರ ಮಾತಿನಲ್ಲಿ ತೂಕವಿದೆ. ಹೊಗೆಗೂ ಹಾರ್ನಿಗೂ ಸಿಕ್ಕಿದ್ದ ಕೋಟೆ ಕಾಣುವಂತಾಯಿತು, ಮುದುಕರಿಗೆ ಕೂರಲು ಜಾಗವಾಯಿತು, ಬಯಲು ಮತ್ತೆ ಬಯಲಾಯಿತು. 2017ರಲ್ಲಿ ಯುನೆಸ್ಕೊ ಹಳೆಯ ಊರನ್ನು ವಿಶ್ವ ಪರಂಪರೆಯ ನಗರವೆಂದಿತು, ಭಾರತದಲ್ಲೇ ಮೊದಲು.

ಆದರೆ ನೆಲಕ್ಕೆ ಬಟ್ಟೆ ಹಾಸಿ ಮಾರುವ ಪಾಥರಣಾವಾಲಾಗಳನ್ನು ಕೇಳಿ. ಅವರಲ್ಲಿ ಹೆಂಗಸರು ಬಹಳ. ಪರಂಪರೆ ಎಂದರೆ ಕಲ್ಲು ಮಾತ್ರವೇ, ತಲೆಮಾರುಗಳಿಂದ ಇಲ್ಲೇ ಕೂತ ನಾವಲ್ಲವೇ ಎಂಬುದು ಅವರ ಪ್ರಶ್ನೆ. ಬೀದಿ ವ್ಯಾಪಾರಿಗಳ ಹಕ್ಕು ಕಾಯುವ ಕಾನೂನು ಬಂದದ್ದೂ ಅದೇ 2014ರಲ್ಲಿ. ಅಂಗಡಿಯವರ ಅಳಲು ಬೇರೆ: ಬಾಡಿಗೆ, ತೆರಿಗೆ ಕಟ್ಟುವವರು ನಾವು, ಬಾಗಿಲಿಗೆ ಅಡ್ಡ ಕೂರುವವರು ಅವರು. ಅದೂ ಸುಳ್ಳಲ್ಲ. ಕಲ್ಲುಹಾಸಿನ ಮೇಲೆ ಹಾಸುಗಳು ಮತ್ತೆ ಬಂದವು; ತೆರವಿನ ಜಗಳವೂ ಬಂತು.

ವಾಹನ ಹೊರಗಿಟ್ಟದ್ದು ಸರಿ ಎಂದೇ ನನ್ನ ಎಣಿಕೆ. ಕಾರಿಗಿಂತ ಬುಟ್ಟಿ ಕಡಿಮೆ ಜಾಗ ತಿನ್ನುತ್ತದೆ. ಬುಟ್ಟಿಯನ್ನೂ ಹೊರಹಾಕಿದರೆ ಮಾತ್ರ ಅಲ್ಲಿ ಉಳಿಯುವುದು ಫೋಟೊ ತೆಗೆಸಿಕೊಳ್ಳುವ ಜಾಗ. ಹಾಗೆಂದು ಎಲ್ಲರನ್ನೂ ಬಿಟ್ಟುಕೊಂಡರೆ ಮಕ್ಕಳನ್ನು ಎತ್ತಿಕೊಂಡ ತಾಯಿಗೆ ನಡೆಯಲು ದಾರಿ ಇರದು. ಗೆರೆ ಎಳೆದು ಜಾಗ ಹಂಚುವುದಕ್ಕೇ ಪಾಲಿಕೆ ಹೆಣಗುತ್ತದೆ; ಗಡಿಯಾರ ನೋಡಿ ಹಂಚಿದರೆ? ಅಲ್ಲಿಂದ ಕೂಗಳತೆಯ ಮಾಣೆಕ್ ಚೌಕ್‌ನಲ್ಲಿ ಅದು ಬಹುಕಾಲದಿಂದ ನಡೆದಿದೆ. ಬೆಳಗ್ಗೆ ದನಗಳ ಮೇವು, ಹಗಲಲ್ಲಿ ಚಿನ್ನ ಬೆಳ್ಳಿ, ಅಕ್ಕಸಾಲಿಗರು ಬಾಗಿಲೆಳೆದ ಮೇಲೆ ಅದೇ ನೆಲದಲ್ಲಿ ಪಾವ್ ಭಾಜಿಯ ಕಾವಲಿ.